ಮಂತ್ರದ ಶಾಲೆಗೆ ಮೇಷ್ಟ್ರು ಬೇಕಾಗಿದ್ದಾರೆ

ಹ್ಯಾರಿ ಪಾಟರ್ ಕಥೆಯಲ್ಲಿ ಅತಿ ದೊಡ್ಡ ಪವಾಡ ಯಾವುದು ಅಂತ ಮಕ್ಕಳನ್ನು ಕೇಳಿದರೆ ಪೊರಕೆ ಮೇಲೆ ಹಾರುವುದು ಅನ್ನುತ್ತಾರೆ, ಹೊದ್ದರೆ ಮಾಯವಾಗುವ ನಿಲುವಂಗಿ ಅನ್ನುತ್ತಾರೆ. ಬೆಂಗಳೂರಿನಲ್ಲಿ ಮಗುವನ್ನು ಎಲ್.ಕೆ.ಜಿ.ಗೆ ಸೇರಿಸಿ ಸುಸ್ತಾದ ಅಪ್ಪ ಅಮ್ಮನನ್ನು ಕೇಳಿ ನೋಡಿ. ‘ಅರ್ಜಿ ಹಾಕದೆ ಸೀಟು ಸಿಕ್ಕಿತಲ್ಲ, ಅದು’ ಅನ್ನುತ್ತಾರೆ.

ನಿಜ ತಾನೆ? ಹುಡುಗ ಹುಟ್ಟಿದಾಗಲೇ ಅವನ ಹೆಸರು ಹಾಗ್ವಾರ್ಟ್ಸ್ ಶಾಲೆಯ ಪಟ್ಟಿಯಲ್ಲಿತ್ತಂತೆ. ಹನ್ನೊಂದು ತುಂಬುವ ಹೊತ್ತಿಗೆ ಕಾಗದ ಬಂತು. ವಿಳಾಸದಲ್ಲಿ ಮೆಟ್ಟಿಲ ಕೆಳಗಿನ ಗೂಡು ಎಂದೂ ನಮೂದಿಸಿತ್ತು. ನಮ್ಮ ಕೊರಿಯರ್ ಹುಡುಗರು ಮೂರು ಸಲ ಫೋನ್ ಮಾಡಿದರೂ ಮನೆ ಹುಡುಕಲಾರರು. ದೊಡ್ಡಪ್ಪ ಆ ಕಾಗದವನ್ನು ಕಿತ್ತುಕೊಂಡ. ಮತ್ತೊಂದು ಬಂತು, ಹತ್ತು ಬಂದವು, ಬೆಂಕಿಗೂಡಿನಿಂದ ರಾಶಿ ರಾಶಿ ಸುರಿದವು. ಕೊನೆಗೆ ದೊಡ್ಡಪ್ಪ ಸಂಸಾರ ಸಮೇತ ಸಮುದ್ರದ ನಡುವಿನ ಬಂಡೆಯ ಮೇಲೆ ಹೋಗಿ ಕೂತರೆ, ಶಾಲೆಯ ಕಡೆಯಿಂದ ಹ್ಯಾಗ್ರಿಡ್ ಎಂಬ ದೈತ್ಯ ನಡುರಾತ್ರಿ ಬಾಗಿಲು ಮುರಿದುಕೊಂಡು ಬಂದ. ಜೇಬಿನಲ್ಲಿ ಹುಟ್ಟುಹಬ್ಬದ ಕೇಕು ಬೇರೆ. ನಮ್ಮಲ್ಲಿ ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಪ್ಪ ಅಮ್ಮ ತಮ್ಮ ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸ್ ಹಿಡಿದು ಕೂತಿರುತ್ತಾರೆ. ಡೊನೇಶನ್ ಎಷ್ಟು ಅಂತ ಬಾಯಿಬಿಟ್ಟು ಕೇಳುವ ಧೈರ್ಯ ಅವರಿಗಿಲ್ಲ, ಬಾಯಿಬಿಟ್ಟು ಹೇಳುವ ಧೈರ್ಯ ಪ್ರಿನ್ಸಿಪಾಲರಿಗೂ ಇಲ್ಲ. ಅಂಥಲ್ಲಿಂದ ಎದ್ದು ಬಂದವರಿಗೆ ಹ್ಯಾಗ್ರಿಡ್ ಕಂಡರೆ ಕಣ್ಣು ತುಂಬಿ ಬಾರದಿದ್ದೀತೆ!

1997ರಲ್ಲಿ ಆ ಮೊದಲ ಪುಸ್ತಕವನ್ನು ಪ್ರಕಾಶಕರು ಗಟ್ಟಿರಟ್ಟಿನಲ್ಲಿ ಅಚ್ಚು ಹಾಕಿಸಿದ್ದು ಬರೀ 500 ಪ್ರತಿ. ಈಗ ನೋಡಿ, ಈ ಜಾತಿಯ ಕಥೆಗಳಿಗೆ ಅಂಗಡಿಯಲ್ಲಿ ಒಂದು ಕಪಾಟೇ ಮೀಸಲು. ದೆವ್ವಕ್ಕೊಂದು ಶಾಲೆ, ರಕ್ತಪಿಶಾಚಿಗೊಂದು ಶಾಲೆ, ಡ್ರ್ಯಾಗನ್ ಸವಾರರಿಗೊಂದು ಕಾಲೇಜು. ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು ಇವುಗಳನ್ನು ಒಟ್ಟಾರೆ ‘ಅಕಾಡೆಮಿ ಕಥೆ’ ಅನ್ನುತ್ತಾಳೆ. ಅಕಾಡೆಮಿ ಅಂದರೆ ಶಾಲು, ಹಾರ, ಫಲತಾಂಬೂಲ, ಪ್ರಶಸ್ತಿ ಸಿಗದವರ ಪತ್ರಿಕಾ ಹೇಳಿಕೆ, ಇಷ್ಟೇ ನನಗೆ ಗೊತ್ತಿದ್ದುದು. ಒಂದು ದಿನ ಕೈಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಕೊಟ್ಟಳು. ರೆಬೆಕಾ ಯಾರೋಸ್ ಬರೆದ ‘ಫೋರ್ತ್ ವಿಂಗ್’, 2023ರದು.

“ಚಿಕ್ಕಮ್ಮ, ಮೊದಲನೇ ದಿನವೇ ಎತ್ತರದಲ್ಲಿ ಒಂದು ಕಿರು ಗೋಡೆ ಮೇಲೆ ನಡೆದು ದಾಟಬೇಕು. ಕಾಲು ಜಾರಿದರೆ ಮುಗೀತು.”

“ಮುಗೀತು ಅಂದರೆ? ಮ್ಯಾನೇಜ್‌ಮೆಂಟ್ ಸೀಟು ತಗೋಬೇಕಾ?”

“ಸತ್ತೇ ಹೋಗ್ತಾರೆ ಚಿಕ್ಕಮ್ಮ!”

“ಮತ್ಯಾಕೆ ಸೇರ್ತಾಳೆ ಆ ಹುಡುಗಿ?”

“ಅವಳಿಗೆ ಲೈಬ್ರರಿ ಕಡೆ ಓದೋ ಆಸೆ. ಅವಳಮ್ಮ ಸೈನ್ಯದಲ್ಲಿ ಜನರಲ್. ಡ್ರ್ಯಾಗನ್ ಕೋರ್ಸಿಗೇ ಸೇರಬೇಕು ಅಂತ ಹಟ.”

ಇಲ್ಲಿಗೆ ನನಗೆ ಕಥೆ ಪೂರ್ತಿ ಅರ್ಥವಾಯಿತು. ಮಗಳಿಗೆ ಇತಿಹಾಸ ಓದುವ ಆಸೆ, ಅಮ್ಮನಿಗೆ ಕಂಪ್ಯೂಟರ್ ಸೈನ್ಸೇ ಆಗಬೇಕು. ಈ ಅಮ್ಮನನ್ನು ನೋಡಲು ನಾನು ನವಾರ್ ಎಂಬ ಕಲ್ಪಿತ ರಾಜ್ಯಕ್ಕೆ ಹೋಗಬೇಕಿರಲಿಲ್ಲ. ನಮ್ಮಕ್ಕ ಎರಡು ಬೀದಿ ಆಚೆಗಿದ್ದಾಳೆ.

ಈ ಕಥೆಗಳ ಮೂಲ ಮಂತ್ರದಲ್ಲಿಲ್ಲ, ಇಂಗ್ಲಿಷರ ಬೋರ್ಡಿಂಗ್ ಶಾಲೆಯಲ್ಲಿದೆ. 1857ರಲ್ಲಿ ಥಾಮಸ್ ಹ್ಯೂಸ್ ಎಂಬಾತ ರಗ್ಬಿ ಶಾಲೆಯ ಬಗ್ಗೆ ಟಾಮ್ ಬ್ರೌನ್ ಎಂಬ ಹುಡುಗನ ಕಥೆ ಬರೆದ. ಮನೆ ಬಿಟ್ಟು ಹೊರಟ ಹುಡುಗ, ಪ್ರಾಣಸ್ನೇಹಿತ, ಗೋಳು ಹೊಯ್ದುಕೊಳ್ಳುವ ಹಿರಿಯ ಹುಡುಗ, ಮೈದಾನದ ಆಟ, ಗಂಭೀರ ಹೆಡ್ಮಾಸ್ಟರು, ಎಲ್ಲವೂ ಅಲ್ಲೇ ಇವೆ. ಎನಿಡ್ ಬ್ಲೈಟನ್ 1946ರಿಂದ ‘ಮಲೋರಿ ಟವರ್ಸ್’ ಕಥೆಗಳಲ್ಲಿ ಅದನ್ನೇ ಹುಡುಗಿಯರಿಗೆ ಬಡಿಸಿ, ನಡುರಾತ್ರಿಯ ಕಳ್ಳ ಊಟವನ್ನೂ ಎಲೆಗೆ ಹಾಕಿದಳು. ನಮ್ಮ ಕಾನ್ವೆಂಟ್ ಹುಡುಗಿಯರು ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ತೆರೆಯುತ್ತ, ಅವರು ತಿನ್ನುವ ಸಾರ್ಡೀನು ಎಂದರೆ ಯಾವುದೋ ಅಮೃತ ಎಂದುಕೊಂಡದ್ದು ಆಗಲೇ. ಮೀನು ಅಂತ ಗೊತ್ತಾದ ದಿನ ಕೆಲವರ ಮನೆಯಲ್ಲಿ ಪುಸ್ತಕವನ್ನೇ ನೀರಲ್ಲಿ ಅದ್ದುವುದು ಬಾಕಿ ಇತ್ತು. 1974ರಲ್ಲಿ ಜಿಲ್ ಮರ್ಫಿ ‘ದಿ ವರ್ಸ್ಟ್ ವಿಚ್’ ಬರೆದು, ಅದೇ ಶಾಲೆಯ ಹುಡುಗಿಯರ ಕೈಗೆ ಪೊರಕೆ, ಕಪ್ಪು ಬೆಕ್ಕಿನ ಮರಿ ಕೊಟ್ಟಳು. ಆ ಕಥೆಯ ಮಿಲ್ಡ್ರೆಡ್ ಪಾಪ, ಅವಳಿಗೆ ಮಾತ್ರ ಕಪ್ಪು ಮರಿ ಸಾಲದೆ ಪಟ್ಟೆಪಟ್ಟೆ ಮರಿ ಸಿಗುತ್ತದೆ. ಆ ಪುಸ್ತಕ ಓದಿದ ಮೇಲೆ ಹಾಗ್ವಾರ್ಟ್ಸು ಯಾವ ಊರಿನ ಪಕ್ಕದಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಷ್ಟಾದರೂ ಸೆಳೆತ ಸೆಳೆತವೇ. ಯಾರಿಗೂ ಬೇಡವಾದ ಮಗುವಿಗೆ ಒಂದು ದಿನ ಕರೆ ಬರುತ್ತದೆ, ನಿನ್ನಂಥವರು ಇನ್ನೂ ಇದ್ದಾರೆ ಬಾ ಎಂದು. ಎಕ್ಸ್-ಮೆನ್ ಎಂಬ ಅಮೆರಿಕದ ಚಿತ್ರಕಥೆ 1963ರಲ್ಲಿ ಶುರುವಾದಾಗಲೂ ಪ್ರೊಫೆಸರ್ ಝೇವಿಯರ್ ಮಾಡಿದ್ದು ಇದನ್ನೇ: ಊರಿನವರು ಹೆದರುವ ಮಕ್ಕಳನ್ನು ಒಟ್ಟುಮಾಡಿ ಶಾಲೆ ತೆರೆದ. 2022ರಲ್ಲಿ ಬಂದ ‘ವೆನ್ಸ್‌ಡೇ’ ಧಾರಾವಾಹಿಯ ನೆವರ್‌ಮೋರ್ ಅಕಾಡೆಮಿಯಲ್ಲೂ ಅದೇ. ಕೋಣೆಯ ಅರ್ಧ ಭಾಗ ಕಪ್ಪು ಬಟ್ಟೆಯ ಹುಡುಗಿಯದು, ಇನ್ನರ್ಧ ಬಣ್ಣಬಣ್ಣದ ತೋಳಹುಡುಗಿಯದು. ಹಾಸ್ಟೆಲಿನಲ್ಲಿ ಇದ್ದು ಬಂದವರು ಹೇಳಲಿ, ರೂಮ್‌ಮೇಟ್ ಹುಣ್ಣಿಮೆಗೆ ಮಾತ್ರ ತೋಳವಾಗುವುದಾದರೆ ಅದು ಅದೃಷ್ಟ ಅಲ್ಲವೇ?

ಹಾಗೆ ನೋಡಿದರೆ ಈ ಸಾಹಿತ್ಯ ನಿಜವಾಗಿ ಹಿಡಿಸಬೇಕಾದದ್ದು ನಮ್ಮ ನವೋದಯ ವಿದ್ಯಾಲಯದ ಮಕ್ಕಳಿಗೆ. ಅಲ್ಲೂ ಸೇರುವುದು ಆರನೇ ತರಗತಿಗೆ, ಹತ್ತಿರಹತ್ತಿರ ಅದೇ ಹನ್ನೊಂದನೇ ವಯಸ್ಸು. ಟ್ರಂಕು ಹೊತ್ತ ಅಪ್ಪ, ಸೆರಗಿನಲ್ಲಿ ಕಣ್ಣೊರೆಸುವ ಅಮ್ಮ. ಹಾಗ್ವಾರ್ಟ್ಸಿನಂತೆ ಅಲ್ಲೂ ನಾಲ್ಕು ಹೌಸು: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಒಂಬತ್ತನೇ ತರಗತಿಯಲ್ಲಿ ಕೆಲವರನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯಕ್ಕೇ ಕಳಿಸಿಬಿಡುತ್ತಾರೆ, ಅದರ ಮುಂದೆ ಯಾವ ಮಾಯಾಲೋಕ! ವ್ಯತ್ಯಾಸ ಒಂದೇ. ನಮ್ಮ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಹೋಗುತ್ತಾರೆ, ಹೋದ ಮೇಲೆ ಓದಲೂ ಬೇಕಾಗುತ್ತದೆ.

ಹಾಗ್ವಾರ್ಟ್ಸಿನಲ್ಲಿ ಹೌಸು ನಿರ್ಧರಿಸುವ ಕ್ರಮ ನೋಡಿ. ಉಪಪ್ರಾಂಶುಪಾಲರೇ ಖುದ್ದು ನಿಂತು, ಬಂದ ಮಕ್ಕಳಿಗೆಲ್ಲ ಟೋಪಿ ಹಾಕುತ್ತಾರೆ. ಟೋಪಿ ತಲೆಯೊಳಗೆ ಇಣುಕಿ, ಇವನು ಧೀರ, ಇವಳು ಜಾಣೆ, ಇವನು ದುಡಿಯುವವನು, ಇವನು ಮಹತ್ವಾಕಾಂಕ್ಷಿ ಎಂದು ನಾಲ್ಕು ಭಾಗ ಮಾಡುತ್ತದೆ. ನಾಲ್ಕು ಎಂಬ ಲೆಕ್ಕ ಕೇಳಿದ ಕೂಡಲೇ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ, ಯಾಕೆ ಅಂತ ಬಿಡಿಸಿ ಹೇಳುವುದಿಲ್ಲ. ಹನ್ನೊಂದು ವರ್ಷದ ಕೂಸಿಗೆ ಒಂದು ನಿಮಿಷದಲ್ಲಿ ಗುಣ ಕರ್ಮ ವಿಭಾಗ. ಆಮೇಲೆ ಏಳು ವರ್ಷ ಅಲ್ಲೇ ಊಟ, ಅಲ್ಲೇ ನಿದ್ದೆ, ಅವರದ್ದೇ ಸಹವಾಸ. ರಕ್ತಶುದ್ಧಿಯ ಜಂಬ ಇರುವವರನ್ನೆಲ್ಲ ಹುಡುಕಿ ಹುಡುಕಿ ಕೆರೆಯ ತಳದ ನೆಲಮಾಳಿಗೆಯಲ್ಲಿ ಒಟ್ಟಿಗೆ ಇಡುತ್ತಾರೆ. ಆಮೇಲೆ, ಅಯ್ಯೋ, ಇವರೆಲ್ಲ ಸೇರಿ ದುಷ್ಟಕೂಟ ಕಟ್ಟಿದರಲ್ಲಾ ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಈ ಟೋಪಿ ಅಕ್ಕತಂಗಿಯರನ್ನೂ ಬಿಡಲಿಲ್ಲ. ಪಾರ್ವತಿ ಪಾಟೀಲ, ಪದ್ಮಾ ಪಾಟೀಲ ಅಂತ ಇಬ್ಬರು ಅವಳಿಜವಳಿ ಹುಡುಗಿಯರು. ಒಬ್ಬಳನ್ನು ಧೀರರ ಹೌಸಿಗೆ, ಇನ್ನೊಬ್ಬಳನ್ನು ಜಾಣರ ಹೌಸಿಗೆ ಹಾಕಿತು. ಅವರ ಮೂಲ ಊರು ಯಾವುದೆಂದು ಏಳು ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಹೀಗಾಗಿ ಬೆಳಗಾವಿ ಕಡೆಯವರು ಎಂದು ನಾವು ಹಕ್ಕು ಸಾಧಿಸಿದರೆ ತಡೆಯುವವರಿಲ್ಲ, ಗಡಿ ಆಯೋಗಕ್ಕೆ ಇನ್ನೊಂದು ಕಡತ ಅಷ್ಟೆ. ನಾಲ್ಕನೇ ಪುಸ್ತಕದ ನೃತ್ಯದ ರಾತ್ರಿ ಹ್ಯಾರಿ ಮತ್ತು ರಾನ್ ಎಂಬ ಇಬ್ಬರು ಪುಣ್ಯಾತ್ಮರು ಈ ಪಾಟೀಲರ ಹೆಣ್ಣುಮಕ್ಕಳನ್ನು ಜೊತೆಗೆ ಕರೆದೊಯ್ದು, ಮೂಲೆಯಲ್ಲಿ ಕೂರಿಸಿ, ತಾವು ಬೇರೆ ಹುಡುಗಿಯರನ್ನು ನೋಡಿಕೊಂಡು ಮುಖ ಊದಿಸಿಕೊಂಡಿದ್ದರು. ಚಾಮುಂಡಿ ಕ್ಷಮಿಸಿದರೂ ನಾನು ಕ್ಷಮಿಸುವುದಿಲ್ಲ.

ಇನ್ನು ಊಟ. ಚಿನ್ನದ ತಟ್ಟೆಯಲ್ಲಿ ತಾನಾಗಿಯೇ ಭಕ್ಷ್ಯ ಪ್ರತ್ಯಕ್ಷ. ಹಾಸ್ಟೆಲಿನ ನೀರು ಸಾರು ಉಂಡವರು ಆ ಪುಟಗಳನ್ನು ಎರಡೆರಡು ಸಲ ಓದುತ್ತಾರೆ. ಅಡುಗೆ ಯಾರದು ಎಂದು ಮೂರು ಪುಸ್ತಕದವರೆಗೂ ಒಬ್ಬರೂ ಕೇಳುವುದಿಲ್ಲ. ನಾಲ್ಕನೆಯದರಲ್ಲಿ ಗೊತ್ತಾಗುತ್ತದೆ: ಕೆಳಗೆ ಅಡುಗೆಮನೆಯಲ್ಲಿ ನೂರಕ್ಕೂ ಹೆಚ್ಚು ಗಿಡ್ಡ ಜೀವಿಗಳು ಸಂಬಳ ರಜೆ ಏನೂ ಇಲ್ಲದೆ ಜೀತ ಮಾಡುತ್ತಿವೆ. ಹರ್ಮಯೋನಿ ಎಂಬ ಹುಡುಗಿ ಒಬ್ಬಳೇ ಸಂಘ ಕಟ್ಟಿ, ಬ್ಯಾಡ್ಜು ಮಾಡಿ ಹಂಚಲು ಹೊರಟರೆ ಗೆಳೆಯರೇ ನಗುತ್ತಾರೆ. ಬಿಸಿಯೂಟದ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಕೂತದ್ದನ್ನು ಕಂಡಿರುವ ನಮಗೆ ಆ ಭಾಗದಲ್ಲಿ ನಗು ಬರುವುದು ಕಷ್ಟ.

ಹೋಗಲಿ, ಊಟ ಆಯಿತು, ನಿದ್ದೆ ಆಯಿತು, ಗಂಟೆ ಹೊಡೆಯಿತು. ಪಾಠ ಎಲ್ಲಿ?

ನನ್ನ ಮುಖ್ಯ ತಕರಾರು ಇದೇ. ಶಾಲೆಯ ಕಥೆ ಎಂದು ಹೇಳಿ ದುಡ್ಡು ತೆಗೆದುಕೊಂಡು, ಟೈಮ್‌ಟೇಬಲ್ ತೋರಿಸಿ, ಪುಸ್ತಕದ ಪಟ್ಟಿ ಕೊಟ್ಟು, ಏಳು ಗ್ಯಾಲಿಯನ್ ಚಿನ್ನದ ನಾಣ್ಯ ಕೊಟ್ಟು ಮಂತ್ರದಂಡ ಕೊಳ್ಳುವಂತೆ ಮಾಡಿ, ಆಮೇಲೆ ಹುಡುಗರನ್ನು ರಾತ್ರಿ ಹೊತ್ತು ಕಾರಿಡಾರಿನಲ್ಲಿ ಅಲೆಯಲು ಬಿಡುತ್ತಾರೆ. ಆ ಗ್ಯಾಲಿಯನ್ನಿನ ಲೆಕ್ಕ ಕೇಳಿದ್ದೀರಾ? ಒಂದು ಗ್ಯಾಲಿಯನ್‌ಗೆ 17 ಸಿಕಲ್, ಒಂದು ಸಿಕಲ್‌ಗೆ 29 ನಟ್. ಎರಡೂ ಅವಿಭಾಜ್ಯ ಸಂಖ್ಯೆ! ಅರ್ಧ ಗ್ಯಾಲಿಯನ್ ಎಷ್ಟು ಎಂದು ಹೇಳಲು ಹೋದರೆ ನಟ್ಟೇ ಮುರಿಯಬೇಕು. ಇಂಥ ನಾಣ್ಯ ಇಟ್ಟುಕೊಂಡು ಆ ಶಾಲೆಯಲ್ಲಿ ಕಡ್ಡಾಯ ಗಣಿತವೇ ಇಲ್ಲ. ಹದಿನಾರಾಣೆ, ಹನ್ನೆರಡು ಕಾಸಿನ ಕಾಲದಲ್ಲಿ ನಮ್ಮ ಹಿರಿಯರು ಕಾಲು ಅರೆ ಮುಕ್ಕಾಲಿನ ಮಗ್ಗಿಯನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಒಪ್ಪಿಸದಿದ್ದರೆ ಊಟವಿರಲಿಲ್ಲ. ಹಾಗ್ವಾರ್ಟ್ಸಿನ ಹುಡುಗ ಅಂಗಡಿಗೆ ಹೋಗಿ ಕಪ್ಪೆ ಚಾಕಲೇಟು ಕೊಂಡು ಚಿಲ್ಲರೆ ಎಣಿಸುವುದು ಹೇಗೆಂದು ನನಗೆ ಇಂದಿಗೂ ಚಿಂತೆ.

ಇತಿಹಾಸದ ಮೇಷ್ಟ್ರು ಬಿನ್ಸ್ ಸತ್ತಿದ್ದಾರೆ. ಸಿಬ್ಬಂದಿ ಕೋಣೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡು, ಮರುದಿನ ದೇಹವನ್ನು ಅಲ್ಲೇ ಬಿಟ್ಟು ಪಾಠಕ್ಕೆ ಎದ್ದು ಹೋದವರು. ಯಾವ ನಿವೃತ್ತಿ, ಯಾವ ಪಿಂಚಣಿ! ಅವರ ಗೊಣಗು ದನಿಗೆ ಇಡೀ ತರಗತಿ ತೂಕಡಿಸುತ್ತದೆ. ಇದನ್ನು ಅತಿಮಾನುಷ ಅನ್ನುತ್ತಾರೆ. ನಾನು ಓದಿದ ಕಾಲೇಜಿನಲ್ಲಿ ಬದುಕಿದ್ದವರೇ ಇದನ್ನು ಸಾಧಿಸಿದ್ದರು.

ದುಷ್ಟಶಕ್ತಿಗಳಿಂದ ರಕ್ಷಣೆ ಎಂಬ ಪಾಠದ ಹುದ್ದೆಯಂತೂ ಶಾಪಗ್ರಸ್ತ. ಹಿಂದೊಮ್ಮೆ ಖಳನಾಯಕ ವೋಲ್ಡೆಮಾರ್ಟ್ ಆ ಕೆಲಸಕ್ಕೆ ಅರ್ಜಿ ಹಾಕಿದ್ದ, ಹೆಡ್ಮಾಸ್ಟರು ಡಂಬಲ್‌ಡೋರ್ ಕೊಡಲಿಲ್ಲ, ಅಂದಿನಿಂದ ಯಾರೂ ಒಂದು ವರ್ಷಕ್ಕಿಂತ ಹೆಚ್ಚು ಅಲ್ಲಿ ಉಳಿದಿಲ್ಲ. ಒಬ್ಬನ ತಲೆಯ ಹಿಂಬದಿಯಲ್ಲಿ ಆ ಖಳನಾಯಕನೇ ವಾಸವಾಗಿದ್ದ. ಇನ್ನೊಬ್ಬ ಬೇರೆಯವರ ಸಾಹಸವನ್ನು ತನ್ನ ಹೆಸರಲ್ಲಿ ಅಚ್ಚು ಹಾಕಿಸಿಕೊಂಡವನು. ಮತ್ತೊಬ್ಬ ನಿಜವಾಗಿ ಪಾಠ ಹೇಳಿದ ಲೂಪಿನ್, ತೋಳ ಎಂದು ತಿಳಿದ ಕೂಡಲೇ ರಾಜೀನಾಮೆ ಕೊಟ್ಟ. ಅವನ ನಂತರ ಬಂದವನು ವೇಷ ಹಾಕಿಕೊಂಡು ಇಡೀ ವರ್ಷ ಪಾಠ ಮಾಡಿದ, ಅಸಲಿ ಮೇಷ್ಟ್ರು ಪೆಟ್ಟಿಗೆಯಲ್ಲಿ ಬಿದ್ದಿದ್ದರು. ಪ್ರತಿ ಜೂನಿಗೆ ಕೆಲಸ ಹೋಗಿ, ಮುಂದಿನ ವರ್ಷ ಯಾರು ಬರುತ್ತಾರೋ ಎಂದು ಮಕ್ಕಳು ಕಾಯುವ ಈ ಪರಿ ನಮ್ಮ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರಿಗೂ ಒಂದೊಂದೇ ವರ್ಷದ ಆದೇಶ. ಶಾಪ ಕೊಟ್ಟವರು ಮಾತ್ರ ಬೇರೆ ಇಲಾಖೆ.

ಐದನೇ ವರ್ಷ ಬಂದ ಅಂಬ್ರಿಜ್ ಮೇಡಂ ಮಕ್ಕಳ ದ್ವೇಷಕ್ಕೆ ಹೆಚ್ಚು ಪಾತ್ರರಾದವರು. ಮಂತ್ರದಂಡ ಚೀಲದಲ್ಲಿಡಿ, ಪುಸ್ತಕ ತೆಗೆಯಿರಿ, ಮೊದಲ ಅಧ್ಯಾಯ ಮನಸ್ಸಿನಲ್ಲೇ ಓದಿಕೊಳ್ಳಿ. ಪ್ರಯೋಗ ಬೇಡ, ಪರೀಕ್ಷೆಗೆ ಸಿದ್ಧಾಂತ ಸಾಕು. ಓದುತ್ತ ನಾನು ಬೆಚ್ಚಿದೆ. ಇಡೀ ಹಾಗ್ವಾರ್ಟ್ಸಿನಲ್ಲಿ ನನಗೆ ಪರಿಚಯವಿದ್ದ ಮೇಡಂ ಇವರೊಬ್ಬರೇ! ಲ್ಯಾಬಿನ ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ರಜೆ, ರೆಕಾರ್ಡು ಹಿಂದಿನ ವರ್ಷದವರದ್ದು ನೋಡಿ ಬರೆದುಕೊಳ್ಳಿ. ಮೇಡಂ ಆಮೇಲೆ ಇನ್‌ಸ್ಪೆಕ್ಟರೂ ಆಗಿ, ಕೈಯಲ್ಲಿ ರಟ್ಟು ಹಿಡಿದು ಬೇರೆ ಮೇಷ್ಟ್ರುಗಳ ತರಗತಿಗೆ ನುಗ್ಗುತ್ತಾರೆ. ಜ್ಯೋತಿಷ್ಯ ಹೇಳುವ ಬಡಪಾಯಿ ಟ್ರಿಲಾನಿಗೆ, ಎಲ್ಲಿ, ನನ್ನ ಭವಿಷ್ಯ ಹೇಳಿ ನೋಡೋಣ ಎಂದು ಪೀಡಿಸುತ್ತಾರೆ. ಇನ್‌ಸ್ಪೆಕ್ಟರ್ ಬರುವ ದಿನ ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎತ್ತಿ ಎಂದು ನಮ್ಮ ಮೇಷ್ಟ್ರು ಕಲಿಸಿದ್ದ ಉಪಾಯವನ್ನು ಯಾರಾದರೂ ಟ್ರಿಲಾನಿಗೆ ಹೇಳಿಕೊಡಬಾರದಿತ್ತೇ?

ಶಿಸ್ತಿನ ವಿಷಯ ಇನ್ನೂ ಸೊಗಸು. ಮೂರನೇ ಮಹಡಿಯ ಒಂದು ಕಾರಿಡಾರಿಗೆ ಹೋದವರು ನರಳಿ ಸಾಯುತ್ತಾರೆ ಎಂದು ಹೆಡ್ಮಾಸ್ಟರು ಮೊದಲ ದಿನದ ಊಟದ ಹೊತ್ತಿಗೆ ಘೋಷಿಸುತ್ತಾರೆ. ಆ ಬಾಗಿಲಿಗೆ ಹಾಕಿದ ಬೀಗವನ್ನು ಮೊದಲ ವರ್ಷದ ಹುಡುಗಿ ಒಂದೇ ಮಂತ್ರಕ್ಕೆ ತೆಗೆಯುತ್ತಾಳೆ. ಒಳಗೆ ಮೂರು ತಲೆಯ ನಾಯಿ. ರಾತ್ರಿ ಹೊತ್ತು ಹಾಸಿಗೆ ಬಿಟ್ಟು ಓಡಾಡಿದ ತಪ್ಪಿಗೆ ಮಕ್ಕಳಿಗೆ ಶಿಕ್ಷೆಯಾಯಿತು. ಏನು ಶಿಕ್ಷೆ? ರಾತ್ರಿ ಹನ್ನೊಂದಕ್ಕೆ ನಿಷೇಧಿತ ಕಾಡಿನಲ್ಲಿ ಓಡಾಡುವುದು. ಅದೂ, ಏಕಶೃಂಗಿಗಳನ್ನು ಕೊಲ್ಲುತ್ತಿರುವ ಯಾವುದೋ ಜೀವಿ ಅಲ್ಲಿದೆ ಎಂದು ತಿಳಿದ ಮೇಲೆ. ಎರಡನೇ ವರ್ಷದ ಕೊನೆಗೆ ಎಲ್ಲರೂ ಬದುಕಿದ ಖುಷಿಗೆ ಪರೀಕ್ಷೆಯೇ ರದ್ದು. ಮೂರನೇ ವರ್ಷ ಹೆಚ್ಚು ಪಾಠ ಕೇಳಬೇಕು ಎಂದ ಹದಿಮೂರರ ಹುಡುಗಿಗೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಯಂತ್ರ ಕೊಡುತ್ತಾರೆ! ಮುಂದೆ ಕೊಲೆ ತಡೆಯಲು, ಯುದ್ಧ ನಿಲ್ಲಿಸಲು ಯಾರಿಗೂ ಅದರ ನೆನಪಾಗುವುದಿಲ್ಲ. ಎರಡು ಪುಸ್ತಕ ಕಳೆದ ಮೇಲೆ ಲೇಖಕಿಗೇ ಮುಜುಗರವಾಯಿತೋ ಏನೋ, ಸರ್ಕಾರಿ ಕಚೇರಿಯಲ್ಲಿದ್ದ ಅಂಥ ಯಂತ್ರಗಳ ಕಪಾಟು ಒಂದು ಹೊಡೆದಾಟದಲ್ಲಿ ಉರುಳಿ ಎಲ್ಲವೂ ಪುಡಿ. ನಮ್ಮಲ್ಲಿ ಕಡತ ಇರುವ ಕೋಣೆಗೇ ಬೆಂಕಿ ಬೀಳುತ್ತದಲ್ಲ, ಹಾಗೆ.

ಅಂಕದ ಕಥೆ ಹೇಳದಿದ್ದರೆ ನನಗೆ ಊಟ ಸೇರದು. ಮೊದಲ ವರ್ಷದ ಕೊನೆ. ಹೌಸುಗಳ ಅಂಕದಲ್ಲಿ ಜಂಬದವರ ಸ್ಲಿದರಿನ್ 472, ಹ್ಯಾರಿಯ ಗ್ರಿಫಿಂಡೋರ್ 312. ಸಭಾಂಗಣದಲ್ಲಿ ಗೆದ್ದವರ ಹಸಿರು ತೋರಣ ಕಟ್ಟಿ ಆಗಿದೆ. ಆಗ ಹೆಡ್ಮಾಸ್ಟರು ಎದ್ದು, ಸ್ವಲ್ಪ ಬಾಕಿ ಇದೆ ಎಂದು ರಾನ್‌ಗೆ 50, ಹರ್ಮಯೋನಿಗೆ 50, ಹ್ಯಾರಿಗೆ 60, ಕೊನೆಗೆ ಅದೇ ಹೌಸಿನ ಪಾಪದ ನೆವಿಲ್‌ಗೆ 10 ಕೊಟ್ಟು 482 ಮಾಡಿ ಮುಗಿಸುತ್ತಾರೆ. ಮಂತ್ರಿಗಳು ಫೋನ್ ಮಾಡಿ ಕೊಡಿಸಿದ ಗ್ರೇಸ್ ಮಾರ್ಕ್ಸೂ ಇಷ್ಟು ಕರಾರುವಾಕ್ಕಾಗಿ ಬೀಳುವುದಿಲ್ಲ. ಪೊರಕೆಯಾಟವೂ ಹೀಗೆಯೇ. ಎಲ್ಲರೂ ಬೆವರು ಸುರಿಸಿ ಹಾಕಿದ ಗೋಲಿಗೆ 10 ಅಂಕ. ಕಥಾನಾಯಕ ಒಬ್ಬನೇ ಮೇಲೆಲ್ಲೋ ಸುತ್ತುತ್ತಿದ್ದು ಕೊನೆಗೊಂದು ಚಿನ್ನದ ಚೆಂಡು ಹಿಡಿದರೆ 150. ಇದನ್ನು ಕಂಡುಹಿಡಿದವರು ಕ್ರಿಕೆಟ್ ನೋಡಿಲ್ಲ, ಬಿ.ಎಸ್. ಚಂದ್ರಶೇಖರ್ ಆರು ವಿಕೆಟ್ ಕಿತ್ತ ಇನ್ನಿಂಗ್ಸಿನಲ್ಲೂ ಸ್ಲಿಪ್ಪಿನಲ್ಲಿ ಕ್ಯಾಚು ಹಿಡಿಯಲು ಇನ್ನೊಬ್ಬ ಬೇಕಾಗುತ್ತಿತ್ತು.

ಉಳಿದ ಅಕಾಡೆಮಿಗಳು ಇನ್ನೂ ಅಧ್ವಾನ. ರಿಶೆಲ್ ಮೀಡ್ 2007ರಲ್ಲಿ ಶುರುಮಾಡಿದ ‘ವ್ಯಾಂಪೈರ್ ಅಕಾಡೆಮಿ’ ಅಮೆರಿಕದ ಮೊಂಟಾನಾದಲ್ಲಿದೆ. ರಕ್ತಪಿಶಾಚಿಗಳಿಗೆ ಬಿಸಿಲಾಗದು, ಆದ್ದರಿಂದ ಶಾಲೆ ನಡೆಯುವುದು ರಾತ್ರಿ. ಇದು ಒಳ್ಳೆಯ ಕಲ್ಪನೆ, ಒಪ್ಪಿದೆ. ಆದರೆ ನಾಯಕಿ ರೋಸ್‌ಗೆ ಹದಿನೇಳು, ತರಬೇತಿ ಕೊಡುವ ಮೇಷ್ಟ್ರಿಗೆ ಇಪ್ಪತ್ತನಾಲ್ಕು, ಅವರಿಬ್ಬರಿಗೂ ಪ್ರೇಮ. ಅಲ್ಲಿಗೆ ಪಾಠ ಅಟ್ಟ ಸೇರಿತು. ಅಕ್ಕನ ಮಗಳಿಗೆ ಕೇಳಿದೆ, “ಅಲ್ವೇ, ಆ ಮೇಷ್ಟ್ರ ಮೇಲೆ ದೂರು ಕೊಡೋರು ಯಾರೂ ಇಲ್ವಾ?” ಅವಳು, “ಚಿಕ್ಕಮ್ಮ, ನಿಮಗೆ ರೊಮ್ಯಾನ್ಸ್ ಅರ್ಥ ಆಗಲ್ಲ” ಅಂದಳು. ನನಗೆ ಹಾಜರಿ ಪುಸ್ತಕ ಅರ್ಥವಾಗುತ್ತದೆ, ಅದು ಸಾಕು.

ಖಳ ಯಾರು ಎಂದು ಊಹಿಸಲು ಈಗ ನಮ್ಮ ಮನೆಯಲ್ಲಿ ಒಂದು ಸೂತ್ರವೇ ಇದೆ. ಈ ವರ್ಷ ಹೊಸದಾಗಿ ಸೇರಿದ ಮೇಷ್ಟ್ರು ಅಥವಾ ಮೇಡಂ ಮಕ್ಕಳ ಜೊತೆ ನಗುನಗುತ್ತ ಮಾತಾಡಿದರೆ, ಅವರೇ. ‘ವೆನ್ಸ್‌ಡೇ’ ಮೊದಲ ಕಂತುಗಳಲ್ಲಿ ಗಿಡಗಳ ಪಾಠದ ಮೇಡಂ ಕೆಂಪು ಬೂಟು ಹಾಕಿಕೊಂಡು ಬಂದು ಅಕ್ಕರೆ ತೋರಿಸಿದ ಕೂಡಲೇ ನಾನು ಬೆರಳು ತೋರಿಸಿದೆ. ನೋಡಿಲ್ಲದವರು ಕ್ಷಮಿಸಿ.

ಹಾಗಾದರೆ ಪಾಠ ನಡೆಯುವ ಮಂತ್ರಶಾಲೆ ಇಲ್ಲವೇ ಇಲ್ಲವೇ? ಇದೆ. ಅರ್ಸುಲಾ ಲ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ರೋಕ್ ಎಂಬ ದ್ವೀಪದ ಮೇಲಿನ ಶಾಲೆ. ಅಲ್ಲಿ ಒಬ್ಬ ಗುರು ದೂರದ ಗೋಪುರದಲ್ಲಿ ಕೂತಿರುತ್ತಾನೆ. ಪ್ರತಿ ಗಿಡ, ಪ್ರತಿ ಕಲ್ಲು, ಪ್ರತಿ ಕಡಲಕೊಲ್ಲಿಯ ನಿಜ ಹೆಸರುಗಳ ಉದ್ದುದ್ದ ಪಟ್ಟಿಯನ್ನು ಮಕ್ಕಳು ತಿಂಗಳುಗಟ್ಟಲೆ ಬಾಯಿಪಾಠ ಮಾಡಬೇಕು. ಅಮರಕೋಶ ಉರುಹಚ್ಚಿದ ನಮ್ಮ ತಾತಂದಿರು ಆ ಗೋಪುರಕ್ಕೆ ಹೋಗಿದ್ದರೆ ಒಂದೇ ವಾರದಲ್ಲಿ ಪಾಸಾಗಿ ಬರುತ್ತಿದ್ದರು. ಗೆಡ್ ಎಂಬ ಹುಡುಗ ಜಾಣ, ಜಂಬಗಾರ. ಸಹಪಾಠಿಯ ಮೇಲಿನ ಮತ್ಸರಕ್ಕೆ ಸತ್ತವರನ್ನು ಕರೆಯಲು ಹೋಗಿ ಒಂದು ಕರಿನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ತಪ್ಪಿಗೆ ಅಂಕ ಕಡಿತವಿಲ್ಲ, ಮುಖದ ಮೇಲೆ ಆಜನ್ಮ ಗಾಯದ ಗುರುತು. ಪುಸ್ತಕದ ಅರ್ಧ ಆಗುವ ಮೊದಲೇ ಶಾಲೆ ಮುಗಿಸಿ ಕೆಲಸಕ್ಕೆ ಹೊರಡುತ್ತಾನೆ. ಇದು ಶಾಲೆ! ಇಲ್ಲಿ ಕಲಿತದ್ದಕ್ಕೆ ಬೆಲೆ ಇದೆ, ಕಲಿಯದಿದ್ದುದಕ್ಕೆ ಇನ್ನೂ ಹೆಚ್ಚು.

ಇನ್ನೊಂದು ಇರುವುದು ಭಯಂಕರ. ರುಮೇನಿಯಾದ ಟ್ರಾನ್ಸಿಲ್ವೇನಿಯಾ ಸೀಮೆಯಲ್ಲಿ ಸ್ಕೊಲೊಮಾನ್ಸ್ ಎಂಬ ಶಾಲೆ ಇದೆ ಎಂದು ಜನ ನಂಬುತ್ತಿದ್ದರು. ಎಮಿಲಿ ಜೆರಾರ್ಡ್ ಎಂಬಾಕೆ 1885ರಲ್ಲಿ ಆ ಕಥೆಯನ್ನು ಬರೆದಿಟ್ಟಳು, ಬ್ರಾಮ್ ಸ್ಟೋಕರ್ 1897ರ ‘ಡ್ರಾಕುಲಾ’ದಲ್ಲಿ ಅದನ್ನು ಎತ್ತಿಕೊಂಡ. ಅಲ್ಲಿ ಮೇಷ್ಟ್ರು ಸಾಕ್ಷಾತ್ ಸೈತಾನ. ಹತ್ತು ಜನಕ್ಕೆ ಪ್ರವೇಶ. ಓದು ಮುಗಿದ ಮೇಲೆ ಒಂಬತ್ತು ಜನ ಮನೆಗೆ, ಹತ್ತನೆಯವನು ಫೀಸಿನ ಬಾಬ್ತು ಸೈತಾನನಿಗೇ. ಶುಲ್ಕದ ವಿವರವನ್ನು ಇಷ್ಟು ಪಾರದರ್ಶಕವಾಗಿ ಮೊದಲೇ ಹೇಳುವ ಖಾಸಗಿ ಸಂಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಜನ ಮಾಟ ಮಂತ್ರ ಎಂದ ಕೂಡಲೇ ಕೊಳ್ಳೇಗಾಲದ ಹೆಸರು ಎತ್ತುತ್ತಾರೆ. ಆ ಊರಿನವರು ರೇಷ್ಮೆ ಸೀರೆ ನೇಯ್ದು ನೇಯ್ದು ತೋರಿಸಿದರೂ ಕೇಳುವವರಿಲ್ಲ. ಅಲ್ಲಿಯೂ ಏನಿದ್ದರೂ ಗುರುವಿನಿಂದ ಶಿಷ್ಯನಿಗೆ ಗುಟ್ಟಿನ ಮನೆಪಾಠ. ತರಗತಿ, ಯೂನಿಫಾರಂ, ಹೌಸು ಎಂದೆಲ್ಲ ಹೊರಟವರಿಲ್ಲ.

ಆ ಸ್ಕೊಲೊಮಾನ್ಸ್ ಹೆಸರನ್ನೇ ಹಿಡಿದು ನವೋಮಿ ನೋವಿಕ್ 2020ರಿಂದ ಮೂರು ಕಾದಂಬರಿ ಬರೆದಳು. ಮೊದಲನೆಯದು ‘ಎ ಡೆಡ್ಲಿ ಎಜುಕೇಶನ್’. ಅಲ್ಲಿ ಮೇಷ್ಟ್ರೇ ಇಲ್ಲ. ಊಟದ ಸಾಲಿನಲ್ಲಿ, ಸ್ನಾನದ ಮನೆಯಲ್ಲಿ, ಪುಸ್ತಕದ ಕಪಾಟಿನ ಸಂದಿಯಲ್ಲಿ ಮಕ್ಕಳನ್ನು ತಿನ್ನುವ ಜೀವಿಗಳು. ಹೊರಗೆ ಇದ್ದರೆ ಸಾಯುವ ಸಾಧ್ಯತೆ ಇನ್ನೂ ಹೆಚ್ಚು, ಆದ್ದರಿಂದ ಅಪ್ಪ ಅಮ್ಮಂದಿರು ತಾವೇ ಕಳಿಸುತ್ತಾರೆ. ಪದವಿ ಪಡೆಯುವುದೆಂದರೆ ರಾಕ್ಷಸರು ತುಂಬಿದ ಒಂದು ಸಭಾಂಗಣವನ್ನು ಜೀವಸಹಿತ ದಾಟುವುದು. ನಾಯಕಿ ಎಲ್‌ಳ ಅಪ್ಪನ ಮನೆ ಮುಂಬಯಿಯಲ್ಲಿ. ಅವಳ ಕೈಗೆ ಸಿಗುವ ಅತಿ ಬೆಲೆಬಾಳುವ ಗ್ರಂಥ ಇರುವುದು ಸಂಸ್ಕೃತದಲ್ಲಿ. ಹುಡುಗಿ ಸಿಡುಕಿ, ಬಾಯಿ ಜೋರು, ನನಗೆ ಬಹಳ ಇಷ್ಟವಾದಳು. ಮೇಷ್ಟ್ರಿಲ್ಲದ ಈ ಶಾಲೆಯ ಮಕ್ಕಳು ಓದುವಷ್ಟು ಬೇರೆ ಯಾವ ಅಕಾಡೆಮಿಯ ಮಕ್ಕಳೂ ಓದುವುದಿಲ್ಲ! ಕ್ರಿಯಾಪದದ ರೂಪ ತಪ್ಪಿದರೆ ಮಂತ್ರ ತಪ್ಪುತ್ತದೆ, ಮಂತ್ರ ತಪ್ಪಿದರೆ ತಲೆ ಹೋಗುತ್ತದೆ. ವ್ಯಾಕರಣಕ್ಕೆ ಇಷ್ಟು ಗೌರವ ಸಿಕ್ಕಿದ್ದು ಪಾಣಿನಿಯ ನಂತರ ಇಲ್ಲೇ ಇರಬೇಕು.

ಆದರೂ ಈ ಎಲ್ಲ ಅಕಾಡೆಮಿಗಳನ್ನು ಒಂದು ತಕ್ಕಡಿಗೆ ಹಾಕಿ, ಇನ್ನೊಂದಕ್ಕೆ ಮಹಾಭಾರತದ ಆದಿಪರ್ವದ ಕಚನನ್ನು ಇಟ್ಟು ನೋಡಿ. ಅಸುರರ ಗುರು ಶುಕ್ರಾಚಾರ್ಯರಿಗೆ ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ಗೊತ್ತು. ದೇವತೆಗಳಿಗೆ ಗೊತ್ತಿಲ್ಲ. ಶತ್ರುಪಾಳಯದ ಗುರುಕುಲಕ್ಕೆ ಬೃಹಸ್ಪತಿಯ ಮಗನನ್ನೇ ವಿದ್ಯಾರ್ಥಿಯಾಗಿ ಕಳಿಸುತ್ತಾರೆ. ಕೋರ್ಸಿನ ಅವಧಿ ಸಾವಿರ ವರ್ಷ! ಹುಡುಗ ಹೆಸರು ಮುಚ್ಚಿಡುವುದಿಲ್ಲ, ಇಂಥವರ ಮಗ ಎಂದೇ ಹೇಳಿ ಸೇರುತ್ತಾನೆ, ಗುರು ಗೊತ್ತಿದ್ದೂ ಸೇರಿಸಿಕೊಳ್ಳುತ್ತಾರೆ. ಅಲ್ಲೇ ಗುರುವಿನ ಗತ್ತು ಕಾಣುತ್ತದೆ. ಗುರುವಿನ ಮಗಳು ದೇವಯಾನಿಗೆ ಅವನೆಂದರೆ ಪ್ರಾಣ. ಅಸುರ ಸಹಪಾಠಿಗಳಿಗೆ ಅನುಮಾನ. ದನ ಕಾಯುವಾಗ ಕೊಂದು ತೋಳಗಳಿಗೆ ಹಾಕುತ್ತಾರೆ. ಮಗಳು ಅತ್ತಳೆಂದು ಗುರು ಕರೆದರೆ ತೋಳದ ಹೊಟ್ಟೆ ಸೀಳಿ ಎದ್ದು ಬರುತ್ತಾನೆ. ಮತ್ತೆ ಕೊಂದು ಅರೆದು ಸಮುದ್ರದ ನೀರಿಗೆ ಕಲಸುತ್ತಾರೆ, ಮತ್ತೆ ಬರುತ್ತಾನೆ. ಮೂರನೇ ಸಲ ಸುಟ್ಟು, ಬೂದಿಯನ್ನು ಹೆಂಡದಲ್ಲಿ ಬೆರೆಸಿ ಗುರುವಿಗೇ ಕುಡಿಸಿಬಿಡುತ್ತಾರೆ. ಇಂಥ ರ‍್ಯಾಗಿಂಗ್ ಯಾವ ಕಾದಂಬರಿಯಲ್ಲೂ ಇಲ್ಲ.

ಈಗ ಶಿಷ್ಯ ಗುರುವಿನ ಹೊಟ್ಟೆಯಲ್ಲಿ. ಅವನು ಹೊರಬಂದರೆ ಗುರು ಸಾಯುತ್ತಾರೆ, ಬಾರದಿದ್ದರೆ ಅವನು ಸಾಯುತ್ತಾನೆ. ಶುಕ್ರಾಚಾರ್ಯರು ಬೇರೆ ದಾರಿಯಿಲ್ಲದೆ ಹೊಟ್ಟೆಯೊಳಗಿನ ಶಿಷ್ಯನಿಗೇ ಆ ಗುಟ್ಟಿನ ವಿದ್ಯೆಯನ್ನು ಹೇಳಿಕೊಡುತ್ತಾರೆ. ಅವನು ಸೀಳಿಕೊಂಡು ಹೊರಬಂದು, ಎದುರಿಗೆ ಸತ್ತು ಬಿದ್ದ ಗುರುವಿನ ಮೇಲೇ ಆಗಷ್ಟೇ ಕಲಿತ ಪಾಠವನ್ನು ಪ್ರಯೋಗಿಸಿ ಬದುಕಿಸುತ್ತಾನೆ. ಪ್ರಾಕ್ಟಿಕಲ್ ಪರೀಕ್ಷೆ ಅಂದರೆ ಇದು! ಫೇಲಾದರೆ ಪರೀಕ್ಷಕನೇ ಇಲ್ಲ. ಎದ್ದು ಕೂತ ಗುರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಬ್ರಾಹ್ಮಣರು ಇನ್ನು ಮುಂದೆ ಹೆಂಡ ಮುಟ್ಟಿದರೆ ಕೆಡುತ್ತಾರೆ ಎಂದು ಸುತ್ತೋಲೆ ಹೊರಡಿಸಿದ್ದು. ಆಡಳಿತ ಗೊತ್ತಿದ್ದವರು.

ಪ್ರೇಮವೂ ಅಲ್ಲಿ ಸಲೀಸಲ್ಲ. ಓದು ಮುಗಿಸಿ ಹೊರಟವನನ್ನು ದೇವಯಾನಿ ಮದುವೆಯಾಗು ಅನ್ನುತ್ತಾಳೆ. ನಿನ್ನ ಅಪ್ಪನ ಹೊಟ್ಟೆಯಿಂದ ಬಂದವನು ನಾನು, ನೀನು ತಂಗಿಯಾಗಬೇಕು ಎಂದು ಕಚ ಕಾನೂನು ಮಾತಾಡುತ್ತಾನೆ. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂದು ಅವಳು ಶಪಿಸುತ್ತಾಳೆ. ಆಗಲಿ, ನಾನು ಕಲಿಸಿದವರಿಗೆ ಫಲಿಸುತ್ತದೆ ಎಂದು ಅವನು ಹೊರಟುಹೋಗುತ್ತಾನೆ. ಹೋಗುವ ಮೊದಲು, ಯಾವ ಋಷಿಕುಮಾರನೂ ನಿನ್ನ ಕೈಹಿಡಿಯದಿರಲಿ ಎಂದು ತಿರುಗಿಸಿ ಒಂದು ಶಾಪ. ಆ ಹುಡುಗಿ ಮುಂದೆ ಯಯಾತಿಯ ಮನೆ ಸೇರಿದ್ದನ್ನು ಗಿರೀಶ ಕಾರ್ನಾಡರು 1961ರಲ್ಲಿ ನಾಟಕವಾಗಿಸಿದರು. ಅವಳ ಕಾಲೇಜು ದಿನಗಳನ್ನು ಹೀಗೆ ದಪ್ಪ ಕಾದಂಬರಿಯಾಗಿ ಬರೆದವರು ಯಾರಾದರೂ ಇದ್ದರೆ ನನಗೆ ತಿಳಿಸಿ, ಅಕ್ಕನ ಮಗಳ ಕಪಾಟಿನಲ್ಲಿ ಜಾಗ ಮಾಡಿಸುತ್ತೇನೆ.

ಅವಳಿಗೆ ಈ ಕಥೆಯನ್ನು ಒಂದು ಸಂಜೆ ಪೂರ್ತಿ ಹೇಳಿದೆ. ಕಣ್ಣರಳಿಸಿ ಕೇಳಿ, “ಚಿಕ್ಕಮ್ಮ, ಇದು ಎಷ್ಟು ಭಾಗದಲ್ಲಿದೆ? ಕಿಂಡಲ್‌ನಲ್ಲಿ ಸಿಗುತ್ತಾ?” ಅಂದಳು. ಹದಿನೆಂಟು ಪರ್ವ ಅಂದೆ. ಅವಳ ಮುಖ ನೋಡಬೇಕಿತ್ತು, ಹಬ್ಬ.

ಕನ್ನಡದಲ್ಲಿ ಬರೆಯುವ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಯಾರಾದರೂ ಮಂತ್ರಶಾಲೆಯ ಕಾದಂಬರಿಗೆ ಕೈ ಹಾಕುವುದಾದರೆ ನನ್ನದು ಒಂದಿಷ್ಟು ಬೇಡಿಕೆ. ಉಗಿಬಂಡಿ, ಕೋಟೆ, ಗೂಬೆ ಬೇಡ. ನಮ್ಮ ಊರ ಕಡೆ ಗೂಬೆ ಮನೆ ಹೊಕ್ಕರೆ ಶಾಂತಿ ಮಾಡಿಸಬೇಕಾಗುತ್ತದೆ, ಕಾಗದ ಯಾರೂ ಬಿಚ್ಚುವುದಿಲ್ಲ. ಮಕ್ಕಳನ್ನು ಭಾಗ ಮಾಡಲು ಟೋಪಿ ಬೇಡ, ಅದಕ್ಕೆ ನಮ್ಮಲ್ಲಿ ಈಗಾಗಲೇ ಬೇಕಾದಷ್ಟು ವ್ಯವಸ್ಥೆ ಇದೆ. ಅಡುಗೆಯವರಿಗೆ ಒಂದು ಹೆಸರು ಕೊಡಿ. ಪರೀಕ್ಷೆ ರದ್ದು ಮಾಡಬೇಡಿ. ವಾರಕ್ಕೆ ಒಂದಾದರೂ ಪೀರಿಯಡ್ ಪೂರ್ತಿ ನಡೆಯಲಿ, ಮಗುವಿಗೆ ಬೆಳಿಗ್ಗೆ ಬಾರದಿದ್ದ ಒಂದು ಮಂತ್ರ ಸಂಜೆಗೆ ಬರಲಿ. ಹೊಸದಾಗಿ ಬಂದ ಆ ನಗುಮುಖದ ಮೇಷ್ಟ್ರನ್ನು ಮಾತ್ರ ದಯವಿಟ್ಟು ಖಳನಾಯಕ ಮಾಡಬೇಡಿ, ಪಾಪ, ಅವರಿಗೆ ಮೂರು ತಿಂಗಳಿಂದ ಸಂಬಳ ಆಗಿಲ್ಲ.